ಇನ್ನ ಸ್ವಲ್ಪ ಅದ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಒಪ್ಪಿಕೊಂಡು ನಗುತ್ತಿದ್ದೆ. ಬಂದಷ್ಟೇ ಬೇಗ ಹೋಗುತ್ತದಲ್ಲ, ಯಾರಿಗೇನು ನಷ್ಟ ಎಂದುಕೊಂಡಿದ್ದೆ. ಈಗ ನಗುವುದಿಲ್ಲ. ಒಂದು ರಜೆಯ ದಿನ ಮಧ್ಯಾಹ್ನ, ಎಡಗೈಯಲ್ಲಿ ಪೇಪರ್ ಪ್ಲೇಟು ಹಿಡಿದುಕೊಂಡು, ಬಲಗೈ ಹೆಬ್ಬೆರಳಿನಿಂದ ಮೊಬೈಲಿನಲ್ಲಿ ನಾನು ಒತ್ತಿದ ಎರಡು ಪದಗಳಿಂದ ಒಬ್ಬರ ಹನ್ನೊಂದು ವರ್ಷದ ಕೆಲಸ ಕೈತಪ್ಪಿ ಹೋಯಿತು. ಅದನ್ನು ಎಲ್ಲಾದರೂ ಬರೆದಿಡಬೇಕು.

ಮೆಲ್ಬರ್ನಿನ ಪಶ್ಚಿಮಕ್ಕೆ, ಗೋಡೌನುಗಳ ಸಾಲಿನ ನಡುವೆ ನಮ್ಮ ಕಂಪನಿಯ ಲ್ಯಾಬ್ ಇತ್ತು. ಲ್ಯಾಬ್ ಎಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಎರಡು ಕೋಣೆ, ಒಂದು ಅಡುಗೆಕಟ್ಟೆ, ಪಕ್ಕದ ಅಂಗಡಿಯಿಂದ ದಿನವಿಡೀ ಬರುವ ಟೈರಿನ ವಾಸನೆ. ಆರು ಜನರಲ್ಲಿ ಕನ್ನಡದವರು ನಾವಿಬ್ಬರೇ. ನಾನು ಮೈಸೂರಿನವಳು. ಎಲೆಕ್ಟ್ರಾನಿಕ್ಸ್ ಓದಿದೆ, ಕೆಲವು ವರ್ಷ ಬೋರ್ಡುಗಳ ಮೇಲೆ ಸೋಲ್ಡರಿಂಗ್ ಮಾಡಿದೆ, ಕೊನೆಗೆ ಅರ್ಜಿ ಬರೆಯುವವಳಾದೆ. ಸಂಶೋಧನೆಗೆ ಹಣ ಎಲ್ಲಿ ಸಿಗುತ್ತದೆ ಎಂದು ಹುಡುಕಿ, ಕೊಡುವವರು ಯಾವ ಭಾಷೆಯಲ್ಲಿ ಕೇಳಲು ಬಯಸುತ್ತಾರೋ ಆ ಭಾಷೆಯಲ್ಲಿ ಬರೆಯುವುದು ನನ್ನ ಉದ್ಯೋಗ. ಇನ್ನೊಬ್ಬರು ಧಾರವಾಡದವರು, ನನಗಿಂತ ಹತ್ತು ವರ್ಷ ದೊಡ್ಡವರು, ಚಿಪ್ ವಿನ್ಯಾಸ ಮಾಡುವವರು. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು.

"ನಾನ್ಯಾವ ಲೆಕ್ಕದಲ್ಲಿ ನಿಮಗೆ ಅಕ್ಕ ಸರ್? ನಿಮ್ಮ ತಲೆಗೂದಲು ನೋಡ್ಕೊಂಡು ಮಾತಾಡಿ" ಎಂದರೆ, "ಮರ್ಯಾದಿಗೆ ವಯಸ್ಸು ಎಲ್ಲಿ ಬಂತ್ರಿ ಅಕ್ಕಾರ" ಎಂದು ಅದನ್ನೇ ಮುಂದುವರಿಸುತ್ತಿದ್ದರು.

ಇಬ್ಬರ ಮನೆಯೂ ಊರಂಚಿನ ಬಡಾವಣೆ ಪಾಯಿಂಟ್ ಕುಕ್‌ನಲ್ಲಿ. ನನ್ನ ಕಾರಿನಲ್ಲೇ ಹೋಗಿ ಬರುತ್ತಿದ್ದೆವು. ಫ್ರೀವೇ ಕಟ್ಟಿಕೊಂಡು ಕಾರುಗಳೆಲ್ಲ ನಿಂತುಬಿಟ್ಟಾಗ ನಾನು ಹಾರ್ನಿನ ಮೇಲೆ ಕೈಯಿಟ್ಟು ಬುಸುಗುಡುತ್ತಿದ್ದರೆ, ಅವರು ಡಬ್ಬಿಯಿಂದ ಹುರಿದ ಶೇಂಗಾ ತೆಗೆದು ಕೊಡುತ್ತಿದ್ದರು. ಒಂಬತ್ತು ವರ್ಷ ಹೀಗೆ ನಡೆಯಿತು. ನನ್ನ ಗಂಡನ ಜೊತೆಗಿಂತ ಹೆಚ್ಚು ಹೊತ್ತು ನಾನು ಮಾತಾಡಿದ್ದು ಅವರ ಜೊತೆ. ತೌರಿನ ಕಡೆಯ ಸಾವು, ಮಾರ್ಟ್‌ಗೇಜಿನ ತಲೆನೋವು, ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಸಂಕಟ, ಎಲ್ಲವನ್ನೂ ಮೊದಲು ಕೇಳಿಸಿಕೊಂಡವರು ಅವರು.

ಸರ್ ಹನ್ನೊಂದು ವರ್ಷ ಕೂತು ಮಾಡಿದ ಚಿಪ್ಪು ಅಕ್ಕಿಕಾಳಿನ ಗಾತ್ರದ್ದು. ಬೂಟಿನ ಅಟ್ಟೆಯೊಳಗೆ ಕೂರುತ್ತಿತ್ತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಹೋದವರಿಗೆ ಕಲ್ಲು ಚುಚ್ಚಿದರೂ, ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ಗಾಯ ಕೊಳೆತಿರುತ್ತದೆ. ಪಾದದ ಯಾವ ಜಾಗದಲ್ಲಿ ಒತ್ತಡ ಮತ್ತು ಬಿಸಿ ಹೆಚ್ಚಾಗುತ್ತಿದೆ ಎನ್ನುವುದನ್ನು ಆ ಚಿಪ್ಪು ಗಮನಿಸಿ ಫೋನಿಗೆ ತಿಳಿಸುತ್ತಿತ್ತು. ಬ್ಯಾಟರಿ ಬೇಕಿರಲಿಲ್ಲ. ನಡೆಯುವಾಗಿನ ತುಳಿತದಿಂದಲೇ ತನಗೆ ಬೇಕಾದ ವಿದ್ಯುತ್ತನ್ನು ಮಾಡಿಕೊಳ್ಳುತ್ತಿತ್ತು. ಹುಬ್ಬಳ್ಳಿಯಲ್ಲಿದ್ದ ಅವರ ಅಕ್ಕ ಚಪ್ಪಲಿಯಲ್ಲಿ ಸಿಕ್ಕಿಕೊಂಡಿದ್ದ ಮೊಳೆಯೊಂದರ ಮೇಲೆ ಮೂರು ದಿನ ಓಡಾಡಿ ಕಾಲು ಕಳೆದುಕೊಂಡಿದ್ದರು. ಆ ಸುದ್ದಿ ಬಂದ ವಾರವೇ ಸರ್ ಈ ಚಿಪ್ಪಿನ ಮೊದಲ ಚಿತ್ರ ಬರೆದರಂತೆ. ಇದನ್ನು ಅವರು ನನಗೆ ಒಂದೇ ಸಲ ಹೇಳಿದ್ದು, ಅದೂ ಫ್ರೀವೇಯಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು.

ಮೇಜಿನ ಮೇಲಿನ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವರು ಚಿಪ್ಪನ್ನು ತಮ್ಮದೇ ಕಪ್ಪು ಬೂಟಿನ ಬಲಗಾಲಿಗೆ ಹಾಕಿಸಿಕೊಂಡರು. ದಿನಾ ಬೆಳಿಗ್ಗೆ ಸಮುದ್ರದ ಪಕ್ಕದ ಜೌಗಿನ ಹಾದಿಯಲ್ಲಿ ನಡೆದು, ಅದೇ ಬೂಟಿನಲ್ಲಿ ಲ್ಯಾಬಿಗೆ ಬಂದು, ಅದೇ ಬೂಟಿನಲ್ಲಿ ಎಲ್ಲರ ಮನೆಗೂ ಹೋಗುತ್ತಿದ್ದರು. ನಮ್ಮ ಮನೆಯ ಬಾಗಿಲಲ್ಲಿ ಬಿಟ್ಟು ಒಳಗೆ ಬರುವಾಗ ಹುಡುಗರಿಗೆ ಹೇಳುತ್ತಿದ್ದರು, "ಅದನ್ನ ತುಳೀಬ್ಯಾಡ್ರಪ್ಪಾ, ಅದರಾಗ ಕೆಲಸ ನಡದದ." ಒಮ್ಮೆ ಶಾಲೆಯ ಸಭಾಂಗಣದಲ್ಲಿ ಕನ್ನಡದವರ ಹಬ್ಬ ಮುಗಿದಾಗ ಯಾರೋ ಆ ಬೂಟು ಮೆಟ್ಟಿಕೊಂಡು ಹೊರಗೆ ಹೋದರು. ಸರ್ ಸಾಕ್ಸಿನಲ್ಲೇ ಪಾರ್ಕಿಂಗ್ ತುಂಬ ಓಡಿ, ಆಮೇಲೆ ನೆನಪಾಗಿ ಫೋನ್ ತೆಗೆದು ನೋಡಿದರು. ಬಲಗಾಲಿನ ಹಿಮ್ಮಡಿಗೆ ಜಾಸ್ತಿ ಭಾರ ಹಾಕುವ ಯಾರೋ ನಡೆಯುತ್ತಿರುವುದು ಅದರಲ್ಲಿ ಕಾಣುತ್ತಿತ್ತು. ಹಿಮ್ಮಡಿ ಊರಿ ನಡೆಯುವವರು ನಮ್ಮಲ್ಲಿ ಯಾರು ಎಂದು ಯೋಚಿಸಿ, ಹೊರಗೆ ಪ್ರಸಾದದ ಪೊಟ್ಟಣದ ಸಾಲಿನಲ್ಲಿ ನಿಂತಿದ್ದ ಒಬ್ಬ ಡಾಕ್ಟರರ ಕಾಲಿನಿಂದ ಬೂಟು ಬಿಚ್ಚಿಸಿಕೊಂಡು ಬಂದರು. ಆ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಹೀಗೆ ಎರಡು ವರ್ಷ ಆ ಚಿಪ್ಪು ಮಳೆ, ಬಿಸಿಲು, ಬೆವರು ಎಲ್ಲ ಕಂಡಿತ್ತು. ಒಂದು ದಿನವೂ ಕೈಕೊಟ್ಟಿರಲಿಲ್ಲ.

ಆದರೆ ಅದು ಆಯಿತು ಎಂದು ಅವರ ಬಾಯಲ್ಲಿ ಹೇಳಿಸುವುದು ಯಾರಿಂದಲೂ ಆಗದ ಮಾತು.

"ಹೇಗಿದೆ ಸರ್, ಮುಗೀತಾ?" ಎಂದರೆ "ಇನ್ನ ಸ್ವಲ್ಪ ಅದರಿ" ಎನ್ನುವರು. ಚಿಪ್ಪು ಒಂದೇ ಅಲ್ಲ. ಕಾರಿನ ರಿಪೇರಿ, ಮಗಳ ಮದುವೆಯ ತಯಾರಿ, ಹಬ್ಬದ ಅಡುಗೆ, ಎಲ್ಲಕ್ಕೂ ಇದೇ. ಅವರ ಮನೆಯಲ್ಲಿ ಊಟಕ್ಕೆ ಕೂತಿರುತ್ತಿದ್ದೆವು, ಎಲೆಯ ಮೇಲೆ ಹೋಳಿಗೆ ಬಿದ್ದಿರುತ್ತಿತ್ತು, ಅಡುಗೆ ಆಯಿತೇ ಎಂದು ಫೋನಿನಲ್ಲಿ ಯಾರೋ ಕೇಳಿದರೆ "ಇನ್ನ ಸ್ವಲ್ಪ ಅದ" ಎನ್ನುತ್ತಿದ್ದರು. ಮುಗಿಯಿತು ಎಂದು ಬಾಯಿಬಿಟ್ಟು ಹೇಳಿದರೆ ಕಣ್ಣು ಬೀಳುತ್ತದೆ ಎನ್ನುವುದು ಅವರ ತಾಯಿಯ ಕಾಲದಿಂದ ಬಂದ ನಂಬಿಕೆ. ಮಾಡಿದ ಕೆಲಸವನ್ನು ತಾನೇ ಹೊಗಳಿಕೊಳ್ಳುವುದು ಸಣ್ಣತನ ಎನ್ನುವುದು ಅವರ ಸ್ವಂತದ್ದು. ಹೊರಡುತ್ತೇವೆ ಎಂದು ಎದ್ದರೂ ಅದೇ ಮಾತು: "ಇನ್ನ ಸ್ವಲ್ಪ ಕೂಡ್ರಿ." ಒಂದು ಸಲಕ್ಕೆ ಬಿಡುತ್ತಿರಲಿಲ್ಲ. ಸೋಫಾದಿಂದ ಎದ್ದಾಗ ಒಮ್ಮೆ, ಬಾಗಿಲಲ್ಲಿ ಒಮ್ಮೆ, ಚಪ್ಪಲಿ ಮೆಟ್ಟುವಾಗ ಇನ್ನೊಮ್ಮೆ. ನಮ್ಮ ಮನೆಯಲ್ಲಿ ಇದೊಂದು ತಮಾಷೆಯಾಗಿತ್ತು. ಸ್ನಾನದ ಮನೆಯಿಂದ ಬೇಗ ಬಾ ಎಂದು ಕೂಗಿದರೆ ನನ್ನ ಮಗಳು ಒಳಗಿನಿಂದ "ಇನ್ನ ಸ್ವಲ್ಪ ಅದ" ಎನ್ನುತ್ತಿದ್ದಳು. ಅವಳಿಗೆ ತಪ್ಪಿಲ್ಲದೆ ಬರುತ್ತಿದ್ದ ಕನ್ನಡ ಅದೊಂದೇ.

ಈ ಚಿಪ್ಪನ್ನು ಲ್ಯಾಬಿನಿಂದ ಕಾರ್ಖಾನೆಗೆ ಒಯ್ಯಲು ನಮ್ಮಂಥ ಸಣ್ಣ ಕಂಪನಿಗೆ ಶಕ್ತಿಯಿರಲಿಲ್ಲ. ಆಗ ಯುರೋಪಿನ ಒಂದು ಯೋಜನೆ ಕಣ್ಣಿಗೆ ಬಿತ್ತು. ಎಲೆಕ್ಟ್ರಾನಿಕ್ಸ್ ಸಂಶೋಧನೆಗೆ ಅಲ್ಲಿ ಸರ್ಕಾರಗಳೂ ಖಾಸಗಿ ಕಂಪನಿಗಳೂ ಸೇರಿ ಹಣ ಹಾಕುತ್ತವೆ. ಊರಿನಲ್ಲಿ ಸಮುದಾಯ ಭವನ ಕಟ್ಟುವಾಗ ಜನ ಅರ್ಧ ಕೂಡಿಸಿದರೆ ಸರ್ಕಾರ ಅರ್ಧ ಕೊಡುತ್ತದಲ್ಲ, ಹೆಚ್ಚುಕಡಿಮೆ ಅದೇ ರೀತಿ. ಹಲವು ದೇಶಗಳ ಕಂಪನಿಗಳು, ವಿಶ್ವವಿದ್ಯಾಲಯಗಳು ಒಂದು ಗುಂಪಾಗಿ ಒಂದೇ ಅರ್ಜಿ ಹಾಕಬೇಕು. ಹೊರದೇಶದವರಾದ ನಾವೂ ಆ ಗುಂಪಿನಲ್ಲಿ ಸೇರಬಹುದಿತ್ತು, ನಮ್ಮ ಪಾಲನ್ನು ಇಲ್ಲಿಂದಲೇ ಹೊಂದಿಸಿಕೊಂಡರೆ. ಅಲ್ಲಿ ಅಂಗೀಕಾರವಾದರೆ ಇಲ್ಲಿನ ಸರ್ಕಾರಿ ಸಂಸ್ಥೆ ಒಂದು ಪಾಲು ಕೊಡುತ್ತೇನೆಂದಿತು. ಆ ಸಂಸ್ಥೆ ಕೊಟ್ಟರೆ ನಮ್ಮ ಕಂಪನಿಯ ಹೂಡಿಕೆದಾರರು ಉಳಿದದ್ದನ್ನು ಹಾಕುತ್ತೇವೆಂದರು. ಎಲ್ಲವೂ ಯುರೋಪಿನ ಒಂದು ಹೌದಿಗೆ ಕಾಯುತ್ತಿತ್ತು. ಆ ಹೌದು ಬರದಿದ್ದರೆ ಲ್ಯಾಬ್ ಮುಚ್ಚುತ್ತದೆ ಎಂದು ಮಾಲೀಕರು ನನಗೂ ಸರ್‌ಗೂ ನೇರವಾಗಿ ಹೇಳಿದ್ದರು.

ಆ ಅರ್ಜಿಯಲ್ಲಿ ಒಂದು ಅಂಕಣವಿತ್ತು. ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂದು ಒಂದರಿಂದ ಒಂಬತ್ತರವರೆಗೆ ಒಂದು ಅಂಕಿ ಬರೆಯಬೇಕು. ಒಂದು ಎಂದರೆ ಬರೀ ಯೋಚನೆ, ಒಂಬತ್ತು ಎಂದರೆ ಅಂಗಡಿಯಲ್ಲಿ ಸಿಗುವ ವಸ್ತು. ನಾಲ್ಕು ಎಂದರೆ ಪ್ರಯೋಗಾಲಯದ ಮೇಜಿನ ಮೇಲೆ ಮಾತ್ರ ಕೆಲಸ ಮಾಡುವಂಥದ್ದು. ಐದರಿಂದ ಆಚೆಗೆ ಹೊರಗಿನ ಗಾಳಿ ಬೆಳಕಿನಲ್ಲಿ ಕೆಲಸ ಮಾಡಿ ತೋರಿಸಿದ್ದು. ನಾವು ಸೇರಿದ ಗುಂಪಿಗೆ ಕನಿಷ್ಠ ಐದು ಇರಲೇಬೇಕಿತ್ತು. ಇದು ನನಗೆ ಗೊತ್ತಿರಲಿಲ್ಲ ಎಂದು ಈಗ ಹೇಳಿಕೊಳ್ಳಬಹುದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಗೊತ್ತಿತ್ತು. ಅದೇ ನನ್ನ ಉದ್ಯೋಗ.

ಕೊನೆಯ ವಾರ ನಾನು ಸಿಡ್ನಿಯಲ್ಲಿದ್ದೆ. ಇಲ್ಲಿನ ಪಾಲು ಕೊಡಬೇಕಾದ ಅಧಿಕಾರಿಗಳ ಜೊತೆ ಪ್ಯಾರಮಟ್ಟಾದಲ್ಲಿ ಎರಡು ದಿನ ಸಭೆ. ಶುಕ್ರವಾರ ಮಧ್ಯಾಹ್ನ ಸಭೆ ಮುಗಿಸಿ, ಟ್ರಾಮ್ ಹಳಿಯ ಪಕ್ಕದ ಒಂದು ಕೆಫೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಎಲ್ಲ ಅಂಕಣಗಳೂ ತುಂಬಿದ್ದವು, ಅದೊಂದು ಬಿಟ್ಟು. ಸರ್‌ಗೆ ಫೋನ್ ಮಾಡಿದೆ.

"ಸರ್, ಲೆವೆಲ್ ಆರು ಅಂತ ಹಾಕ್ತಾ ಇದೀನಿ. ಓಕೆ ತಾನೆ?"

"ಛೆ ಛೆ, ಅಷ್ಟೆಲ್ಲಾ ಬ್ಯಾಡ್ರಿ ಅಕ್ಕಾರ. ಇನ್ನ ಸ್ವಲ್ಪ ಅದ."

"ಏನು ಇನ್ನೂ ಇದೆ ಹೇಳಿ. ಏನ್ ಬಾಕಿ ಇದೆ?"

"ಹಂಗೇನಿಲ್ರಿ. ಅದು ನಡದದ, ಆದ್ರ ಹಂಗ ಆತು ಅಂತ ಬರಿಯೂದು ಸರಿ ಅಲ್ಲ. ನೋಡೂಣಂತ."

"ಐದು ಹಾಕ್ಲಾ?"

"ಇನ್ನ ಸ್ವಲ್ಪ ಅದರಿ."

ಮೂರು ಸಲ ಕೇಳಿದೆ. ಮೂರು ಸಲವೂ ಅಷ್ಟೇ. ಎರಡು ದಿನ ಅಧಿಕಾರಿಗಳ ಮುಂದೆ ನಮ್ಮ ಚಿಪ್ಪು ಹಾಗೆ ಹೀಗೆ ಎಂದು ಗಂಟಲು ಹರಿದುಕೊಂಡು ಬಂದಿದ್ದೆ. ತಲೆ ಸಿಡಿಯುತ್ತಿತ್ತು. ಮಾಡಿದವರಿಗೇ ಒಂದು ನೇರ ಮಾತು ಹೇಳಲು ಆಗದಿದ್ದರೆ ನಾನ್ಯಾಕೆ ಎಲ್ಲರೆದುರು ಬಾಯಿ ಬಡಿದುಕೊಳ್ಳಬೇಕು ಎನ್ನಿಸಿತು. ಫೋನ್ ಇಟ್ಟು, ನಾಲ್ಕು ಎಂದು ಹಾಕಿದೆ. ಅವರ ಮಾತನ್ನೇ ಅಕ್ಷರಶಃ ಬರೆದರೆ ಏನಾಗುತ್ತದೆ ಎಂದು ಅವರಿಗೂ ತಿಳಿಯಲಿ. ಯುರೋಪಿನಲ್ಲಿ ಅರ್ಜಿಯನ್ನು ಒಟ್ಟುಗೂಡಿಸುತ್ತಿದ್ದ ಸಂಯೋಜಕಿ ಇದನ್ನು ನೋಡಿ ಹೌಹಾರಿ ಕೇಳುತ್ತಾರೆ, ಆಗ ಸರ್ ಹೆದರಿ ನೆಟ್ಟಗೆ ಉತ್ತರ ಕೊಡುತ್ತಾರೆ, ಆಮೇಲೆ ತಿದ್ದಿದರಾಯಿತು. ಇದು ನನ್ನ ಲೆಕ್ಕಾಚಾರ. ವಿಮಾನ ಹತ್ತುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಆದರೆ ಅಂಕಿ ಹಾಗೇ ಉಳಿದಿತ್ತು.

ಆ ಮಂಗಳವಾರ ಮೆಲ್ಬರ್ನಿಗೆ ರಜೆ. ಕುದುರೆ ರೇಸಿಗೆಂದು ಊರಿಗೇ ರಜೆ ಕೊಡುವುದು ನಮ್ಮಲ್ಲಿ ಮಾತ್ರ, ಸಿಡ್ನಿಯವರಿಗೂ ಇಲ್ಲ. ಕುದುರೆಯ ಮುಖ ನೋಡದ ನಾವೆಲ್ಲ ಅವತ್ತು ಸಮುದ್ರದ ಪಕ್ಕದ ಪಾರ್ಕಿನಲ್ಲಿ ಸೇರುತ್ತೇವೆ. ಪಾರ್ಕಿನ ಬಾರ್ಬೆಕ್ಯೂ ಕಾವಲಿಯಲ್ಲಿ ಯಾರು ಏನು ಸುಟ್ಟಿರುತ್ತಾರೋ ಎಂದು ಮೂರು ಪದರ ಫಾಯಿಲ್ ಹಾಸಿ, ಅದರ ಮೇಲೆ ಜೋಳದ ತೆನೆ, ಬದನೆಕಾಯಿ ಸುಡುತ್ತಿದ್ದೆ. ಸರ್ ಎದುರಿನ ಬೆಂಚಿನಲ್ಲಿ ಕೂತು, ತಮ್ಮ ಮನೆಯಿಂದ ತಂದ ರೊಟ್ಟಿಯನ್ನು ಚಟ್ನಿಪುಡಿ ಮೊಸರಿನಲ್ಲಿ ಅದ್ದಿ ತಿನ್ನುತ್ತಿದ್ದರು. ಕಪ್ಪು ಬೂಟು ಹುಲ್ಲಿನ ಮೇಲೆ ಊರಿತ್ತು.

ಮೊಬೈಲ್ ಸದ್ದು ಮಾಡಿತು. ಸಂಯೋಜಕಿಯ ಮೇಲ್. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ, ಕೊನೆಯ ದಿನವೆಂದು ರಾತ್ರಿಯಿಡೀ ಕೂತಿರಬೇಕು. ನಿಮ್ಮ ಭಾಗದಲ್ಲಿ ನಾಲ್ಕು ಎಂದಿದೆ, ಇದು ಸರಿಯೇ? ಐದೋ ಆರೋ ಆಗಿದ್ದರೆ ಇವತ್ತು ಯುರೋಪಿನ ಮಧ್ಯಾಹ್ನದೊಳಗೆ ತಿಳಿಸಿ, ಆಮೇಲೆ ಬದಲಾಯಿಸಲು ಬರುವುದಿಲ್ಲ. ಅಷ್ಟೇ ಇತ್ತು. ನಾನು ಕಾಯುತ್ತಿದ್ದ ಪ್ರಶ್ನೆ ಬಂದಿತ್ತು. ಕೇಳಬೇಕಾದ ಮನುಷ್ಯರು ನಾಲ್ಕು ಹೆಜ್ಜೆ ದೂರದಲ್ಲಿದ್ದರು. ತಲೆಯೆತ್ತಿ ಅವರ ಕಡೆ ನೋಡಿದೆ. ಕರೆಯಬೇಕೆಂದು ಬಾಯಿ ತೆರೆದಿದ್ದೆ ಕೂಡ.

ಅಷ್ಟರಲ್ಲಿ ನನ್ನ ಮಗಳು, ಆಗ ಹನ್ನೆರಡು ವರ್ಷ ಅವಳಿಗೆ, ಅವರ ಬೂಟಿನ ಕಡೆ ಕೈ ತೋರಿಸಿ ಕೇಳಿದಳು, "ಅಂಕಲ್, ಈಸ್ ಇಟ್ ಡನ್ ಯೆಟ್?"

ಸರ್ ಅವಳ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ಇನ್ನ ಸ್ವಲ್ಪ ಅದ ಪುಟ್ಟಾ."

ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಅದು ಅವರು ಮಗುವಿನೊಡನೆ ಆಡಿದ ತಮಾಷೆ ಎಂದು ನನಗೆ ಗೊತ್ತಿತ್ತು. ಆದರೂ ಶುಕ್ರವಾರದ ಸಿಟ್ಟು ಅಡಿಯಿಂದ ಮುಡಿಗೆ ಏರಿತು. ಇರಲಿ, ಹಾಗೇ ಇರಲಿ ಎಂದುಕೊಂಡೆ. ಇಕ್ಕಳ ಕೆಳಗಿಟ್ಟು, ಪ್ಲೇಟು ಎಡಗೈಗೆ ಬದಲಿಸಿ, ಉತ್ತರ ಒತ್ತಿದೆ. ಹೌದು, ನಾಲ್ಕೇ. ಕಳಿಸಿ, ಫೋನನ್ನು ಬ್ಯಾಗಿಗೆ ಹಾಕಿ, ತೆನೆ ತಿರುವಿದೆ. ಸುಟ್ಟ ತೆನೆಗಳಲ್ಲಿ ಚೆನ್ನಾಗಿ ಬೆಂದದ್ದನ್ನು ಆರಿಸಿ, ಉಪ್ಪು ನಿಂಬೆಹಣ್ಣು ಸವರಿ ಸರ್‌ಗೆ ಕೊಟ್ಟೆ. ಇದೂ ನೆನಪಿದೆ. ನೆನಪಿರದಿದ್ದರೆ ಒಳ್ಳೆಯದಿತ್ತು.

ಫಲಿತಾಂಶ ಬರಲು ತಿಂಗಳುಗಳಾದವು. ಗುಂಪಿನ ಅರ್ಜಿ ಅಂಗೀಕಾರವಾಗಿತ್ತು, ನಮ್ಮ ಭಾಗವೊಂದನ್ನು ಬಿಟ್ಟು. ಆಸ್ಟ್ರೇಲಿಯಾದ ಪಾಲುದಾರರ ತಂತ್ರಜ್ಞಾನ ಪ್ರವೇಶದ ಮಟ್ಟಕ್ಕಿಂತ ಕೆಳಗಿದೆ, ಆ ಕೆಲಸವನ್ನು ಬೇರೊಬ್ಬ ಪಾಲುದಾರರಿಗೆ ವಹಿಸಬೇಕು ಎಂದು ಒಂದು ಸಾಲು. ನಾನು ಅದನ್ನು ಮುದ್ರಿಸಿಕೊಳ್ಳಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಮಾಲೀಕರಿಗೂ ಸರ್‌ಗೂ ಹೇಳಿದ್ದು ಬೇರೆ. ದೂರದವರನ್ನು ಕೈಬಿಟ್ಟಿದ್ದಾರೆ ಎಂದೆ. ಮನೆಯಲ್ಲಿ ಗಂಡನಿಗೆ ಮಾತ್ರ ನಿಜ ಹೇಳಿದೆ. ಅವನು ಸಮಾಧಾನ ಮಾಡಿದ. "ಬಿಡೇ, ಒಂದು ನಂಬರ್‌ಗೋಸ್ಕರ ಯಾರೂ ಪ್ರಾಜೆಕ್ಟ್ ರಿಜೆಕ್ಟ್ ಮಾಡಲ್ಲ. ಡಿಸ್ಟೆನ್ಸ್ ನೋಡಿನೇ ಕಟ್ ಮಾಡಿರ್ತಾರೆ." ನನಗೆ ಬೇಕಾಗಿದ್ದೂ ಅದೇ. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಸರ್ ನನ್ನನ್ನೇ ಸಮಾಧಾನ ಮಾಡಿದರು. ಅವತ್ತು ಫ್ರೀವೇಯಲ್ಲಿ ನಾನು ಅಳುತ್ತಾ ಕಾರು ಓಡಿಸುತ್ತಿದ್ದೆ. ಅವರು ಶೇಂಗಾ ಡಬ್ಬಿಯ ಮುಚ್ಚಳ ತೆರೆದು, ಮತ್ತೆ ಮುಚ್ಚಿ, "ನೀವು ಭಾಳ ಕಷ್ಟ ಪಟ್ರಿ ಅಕ್ಕಾರ. ದೂರ ಆಗ್ತದರಿ ಅವರಿಗೆ, ಅವರರ ಏನ್ ಮಾಡ್ತಾರ" ಎಂದರು. ನಾನು ಅಳುತ್ತಿದ್ದುದು ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ. ನಾನು ಹೇಳಲಿಲ್ಲ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಯುರೋಪು ಇಲ್ಲವೆಂದಿತು, ಹಾಗಾಗಿ ಸರ್ಕಾರಿ ಸಂಸ್ಥೆ ಇಲ್ಲವೆಂದಿತು, ಹಾಗಾಗಿ ಹೂಡಿಕೆದಾರರು ಇಲ್ಲವೆಂದರು. ಲ್ಯಾಬಿನ ಮೇಜುಗಳನ್ನು ಪಕ್ಕದ ಟೈರ್ ಅಂಗಡಿಯವರೇ ತೆಗೆದುಕೊಂಡರು. ನನಗೆ ತಿಂಗಳೊಳಗೆ ಇನ್ನೊಂದು ಕಡೆ ಕೆಲಸ ಸಿಕ್ಕಿತು, ಇದಕ್ಕಿಂತ ಒಳ್ಳೆಯದೇ. ಯುರೋಪಿನ ಅರ್ಜಿಗಳ ಅನುಭವವಿದೆಯಲ್ಲ ಎಂದು ಸಂದರ್ಶನದಲ್ಲಿ ಮೆಚ್ಚಿಕೊಂಡರು. ಅರವತ್ತರ ಹತ್ತಿರದ ಚಿಪ್ ವಿನ್ಯಾಸಕಾರರನ್ನು ಯಾರೂ ಕರೆಯಲಿಲ್ಲ. ಒಂದು ವರ್ಷ ಕಾದು, ಪಾಯಿಂಟ್ ಕುಕ್ ಮನೆ ಮಾರಿ, ಸಿಡ್ನಿಯ ಲಿವರ್‌ಪೂಲಿನಲ್ಲಿದ್ದ ಮಗಳ ಹತ್ತಿರಕ್ಕೆ ಹೋದರು. ಅಲ್ಲಿ ಆಸ್ಪತ್ರೆಗಳಿಗೆ ಸಲೈನ್ ಪಂಪು, ಬಿಪಿ ಯಂತ್ರ ರಿಪೇರಿ ಮಾಡಿಕೊಡುವ ಒಬ್ಬ ಗುತ್ತಿಗೆದಾರರ ಕೈಕೆಳಗೆ ಕೆಲಸಕ್ಕೆ ಸೇರಿದರು. ಹೊರಡುವ ದಿನ ನಾನೂ ನನ್ನ ಗಂಡನೂ ಪೆಟ್ಟಿಗೆ ಕಟ್ಟಲು ಹೋಗಿದ್ದೆವು. ಖಾಲಿ ಹಾಲ್‌ನಲ್ಲಿ ಕೂರಲು ಕುರ್ಚಿಯೇ ಇರಲಿಲ್ಲ, ಆದರೂ ನಾವು ಎದ್ದಾಗ "ಇನ್ನ ಸ್ವಲ್ಪ ಕೂಡ್ರಿ" ಎಂದರು.

ಮೂರು ವರ್ಷ ನಾನು ಅವರಿಗೆ ಹಬ್ಬಕ್ಕೆ ಫೋನ್ ಮಾಡುವುದು ಬಿಟ್ಟರೆ ಹೆಚ್ಚು ಮಾತಾಡಲಿಲ್ಲ. ಮಾಡಿದಾಗಲೂ ಎರಡು ಮಾತಾಡಿ ಮಗಳ ಕೈಗೆ ಫೋನ್ ಕೊಟ್ಟುಬಿಡುತ್ತಿದ್ದೆ.

ಕಳೆದ ವರ್ಷ ಆ ಯುರೋಪಿನ ಗುಂಪಿನ ಸುದ್ದಿಪತ್ರ ನನ್ನ ಹಳೆಯ ಮೇಲ್‌ಗೆ ಬಂತು. ಪಟ್ಟಿಯಿಂದ ನನ್ನ ಹೆಸರು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಮೊದಲ ಪುಟದಲ್ಲೇ ಒಂದು ಬೂಟಿನ ಅಟ್ಟೆಯ ಚಿತ್ರ, ಅದರ ಮೇಲೆ ಅಕ್ಕಿಕಾಳಿನಂಥ ಒಂದು ಚಿಪ್ಪು. ನಮ್ಮ ಬದಲಿಗೆ ಸೇರಿಸಿಕೊಂಡವರು ಮಾಡಿದ್ದು. ಸಣ್ಣದೊಂದು ಬ್ಯಾಟರಿ ಬೇಕಂತೆ ಅದಕ್ಕೆ. ಸರ್ಕಾರ ಮತ್ತು ಉದ್ಯಮ ಕೈಜೋಡಿಸಿದರೆ ಏನು ಸಾಧ್ಯ ಎನ್ನುವುದಕ್ಕೆ ಇದು ಉದಾಹರಣೆ, ಇನ್ನು ಸ್ವಲ್ಪ ಕಾಲದಲ್ಲಿ ರೋಗಿಗಳ ಕೈಗೆ ಸೇರುತ್ತದೆ ಎಂದು ಬರೆದಿದ್ದರು. ಒಳ್ಳೆಯದೇ ಆಯಿತು, ಯಾರದೋ ಅಕ್ಕನ ಕಾಲು ಉಳಿಯುತ್ತದೆ ಎಂದು ಯೋಚಿಸಲು ಪ್ರಯತ್ನಿಸಿದೆ. ಆಗಲಿಲ್ಲ. ಆಫೀಸಿನ ಟಾಯ್ಲೆಟ್‌ನಲ್ಲಿ ಕೂತು ಅತ್ತೆ. ಮುಂದಿನ ಶನಿವಾರಕ್ಕೆ ಸಿಡ್ನಿಗೆ ಟಿಕೆಟ್ ಬುಕ್ ಮಾಡಿದೆ.

ಲಿವರ್‌ಪೂಲ್ ಸ್ಟೇಷನ್‌ನಿಂದ ಹತ್ತು ನಿಮಿಷದ ನಡಿಗೆ. ಆರನೆಯ ಮಹಡಿಯ ಎರಡು ಕೋಣೆಯ ಮನೆ. ಅವರ ಹೆಂಡತಿ ಮಗಳ ಮನೆಗೆ ಹೋಗಿದ್ದರು. ಸರ್ ಒಬ್ಬರೇ ಇದ್ದರು. ತೂಕ ಇಳಿದಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಬಹಳ ಖುಷಿಪಟ್ಟರು. ಚಹಾ ಮಾಡಿದರು, ನನ್ನ ಮಗಳ ಶಾಲೆಯ ವಿಷಯ ಕೇಳಿದರು, ಈಗಲೂ ಫ್ರೀವೇಯಲ್ಲಿ ಹಾರ್ನ್ ಹೊಡೆಯುತ್ತೀರಾ ಎಂದು ರೇಗಿಸಿದರು. ನಾನು ಬಾಗಿಲ ಬಳಿಯ ಕಪ್ಪು ಬೂಟುಗಳನ್ನೇ ನೋಡುತ್ತಿದ್ದೆ.

"ಇನ್ನೂ ಅದೇ ಬೂಟಾ ಸರ್?"

"ಅಟ್ಟಿ ಎರಡು ಸಲ ಬದಲ್ ಮಾಡಸೀನ್ರಿ. ಒಳಗಿನ ಚಿಪ್ಪು ಮಾತ್ರ ಅದ ಅದ."

ಕಪಾಟಿನಿಂದ ಒಂದು ಹಳೆಯ ಫೋನ್ ತಂದು ನನ್ನ ಪಕ್ಕ ಕೂತರು. ಪರದೆಯ ಮೇಲೆ ಒಂದು ಪಾದದ ಚಿತ್ರ. ಬೆರಳಿನಿಂದ ಹಿಂದಕ್ಕೆ ಸರಿಸುತ್ತಾ ಹೋದರು. ನಿನ್ನೆಯ ಪಾದ, ಮೊನ್ನೆಯ ಪಾದ, ಹೋದ ತಿಂಗಳಿನದು, ಹೋದ ವರ್ಷದ್ದು. ಸಿಡ್ನಿಗೆ ಬಂದ ದಿನದ್ದು. ಪಾಯಿಂಟ್ ಕುಕ್ ಜೌಗಿನ ಹಾದಿಯದು. ಅದು ಹಿಂದೆ ಹಿಂದೆ ಹೋಗಿ ಆ ರಜೆಯ ಮಂಗಳವಾರವನ್ನೂ ದಾಟಿತು. ಅವರು ಕಾಲೂರಿದ ಒಂದು ದಿನವನ್ನೂ ಅದು ಬಿಟ್ಟಿರಲಿಲ್ಲ. ಹಣವಿಲ್ಲ, ಲ್ಯಾಬಿಲ್ಲ, ಕೇಳುವವರಿಲ್ಲ. ಅದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು.

ನನ್ನ ಕೈಲಿ ತಡೆಯಲಾಗಲಿಲ್ಲ.

"ಸರ್, ಅವರು ದೂರ ಅಂತ ನಮ್ಮನ್ನ ಬಿಡಲಿಲ್ಲ. ಲೆವೆಲ್ ನಾಲ್ಕು ಅಂತ ಇದ್ದಿದ್ದಕ್ಕೆ ಬಿಟ್ರು. ನಾಲ್ಕು ಅಂತ ಹಾಕಿದ್ದು ನಾನು."

ಅವರು ಫೋನಿನಿಂದ ಬೆರಳು ತೆಗೆದರು. ಅರ್ಥವಾಗಲಿಲ್ಲ ಎನ್ನುವ ಹಾಗೆ ನನ್ನನ್ನು ನೋಡಿದರು. ನಾನು ಆ ಶುಕ್ರವಾರದ್ದೆಲ್ಲ ಹೇಳಿದೆ. ಪ್ಯಾರಮಟ್ಟಾದ ಕೆಫೆ, ಅವರ ಮೂರು ಉತ್ತರ, ನನ್ನ ಸಿಟ್ಟು. ಆಮೇಲೆ ಒಂದೊಂದಾಗಿ ಅವರು ಕೇಳತೊಡಗಿದರು.

"ಆ ಯುರೋಪಿನ ಮೇಡಮ್ಮಾರು ತಿರುಗಿ ಕೇಳಲಿಲ್ಲೇನ್ರಿ?"

"ಕೇಳಿದ್ರು ಸರ್. ಮಂಗಳವಾರ. ಪಾರ್ಕಲ್ಲಿದ್ವಲ್ಲ, ಆಗ."

"ನಾ ಅಲ್ಲೇ ಇದ್ದೆ."

"ಇದ್ರಿ. ನನ್ನೆದುರಿಗೇ ಕೂತಿದ್ರಿ."

ಕೆಳಗೆ ರಸ್ತೆಯಲ್ಲಿ ಒಂದು ಆಂಬುಲೆನ್ಸ್ ಆಸ್ಪತ್ರೆಯ ಕಡೆ ಹೋಯಿತು. ಅವರು ಚಹಾದ ಕಪ್ಪನ್ನು ಟೀಪಾಯಿಯ ಮೇಲೆ ನಿಧಾನವಾಗಿ ಇಟ್ಟರು. ಆಮೇಲೆ ಗೋಡೆಯ ಕಡೆ ನೋಡುತ್ತಾ, ಒಂಬತ್ತು ವರ್ಷ ನಾನು ಹೇಳಿಸಲು ಪ್ರಯತ್ನಿಸಿ ಸೋತಿದ್ದ ಮಾತನ್ನು ಹೇಳಿದರು.

"ಮುಗದಿತ್ತರಿ ಅದು. ನೀವು ಕೇಳೂಕಿಂತ ಎರಡು ವರ್ಷ ಮೊದಲ ಮುಗದಿತ್ತು."

ನಾನು ತಲೆ ತಗ್ಗಿಸಿದೆ.

"ನಾ ಹಂಗ ಅಂತೀನಿ ಅನ್ನೂದು ನಿಮಗ ಗೊತ್ತಿತ್ತಲ್ರಿ?"

ಅರ್ಜಿ ಓದುವ ಯುರೋಪಿನವರಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಮಾಲೀಕರಿಗೂ ಇಲ್ಲ. ಅವರ ಆ ಮಾತಿನ ಅರ್ಥ ಗೊತ್ತಿದ್ದವಳು ಆ ಲ್ಯಾಬಿನಲ್ಲಿ, ಆ ಇಡೀ ಯೋಜನೆಯಲ್ಲಿ, ನಾನೊಬ್ಬಳೇ. ನನ್ನನ್ನು ನಂಬಿಯೇ ಅವರು ಹಾಗೆ ಹೇಳಿದ್ದರು.

"ಗೊತ್ತಿತ್ತು ಸರ್" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ, ಕಾಲಿಗೆ ಬೀಳುತ್ತಿದ್ದೆ. ಹಳೆಯ ಫೋನನ್ನು ಆರಿಸಿ ಕಪಾಟಿನಲ್ಲಿ ಇಟ್ಟು ಬಂದರು. ಕಪ್ಪುಗಳನ್ನು ಒಳಗೆ ತೆಗೆದುಕೊಂಡು ಹೋಗಿ ತೊಳೆಯುವ ಸದ್ದು ಕೇಳಿಸಿತು. ತಿರುಗಿ ಬಂದು ಕೂತಾಗ ಮುಖ ತೊಳೆದುಕೊಂಡಿದ್ದರು. ನನಗೆ ಇನ್ನು ಅಲ್ಲಿ ಕೂರಲು ಆಗಲಿಲ್ಲ. ಎದ್ದು, "ಬರ್ತೀನಿ ಸರ್" ಎಂದೆ.

ಅವರೂ ಎದ್ದರು. ಬಾಗಿಲವರೆಗೆ ಬಂದರು. ನಾನು ಕಪ್ಪು ಬೂಟುಗಳ ಪಕ್ಕ ಬಗ್ಗಿ ನನ್ನ ಚಪ್ಪಲಿಯ ಪಟ್ಟಿ ಹಾಕಿಕೊಂಡೆ. ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕಿಕೊಂಡೆ. ಎರಡನೆಯ ಕಾಲಿನದನ್ನೂ ಹಾಗೇ ಮಾಡಿದೆ. ಅವರು ಬಾಗಿಲು ಹಿಡಿದು ನಿಂತಿದ್ದರು. ಮಾಡಲು ಇನ್ನೇನೂ ಉಳಿಯದೆ ನಾನು ನೆಟ್ಟಗಾದೆ.

"ಲಿಫ್ಟು ಬಲಗಡೆ ಅದರಿ" ಎಂದರು.